ಕೌದಿಯೊಳಗಿನ ನಕ್ಷೆ

ಕಳೆದ ವಾರ ಸ್ವೆಟರ್ ತೆಗೆಯಲೆಂದು ಟ್ರಂಕಿನ ಮುಚ್ಚಳ ಎತ್ತಿದಾಗ ಒಣಗಿದ ಬೇವಿನೆಲೆಯ ಕಹಿ ವಾಸನೆ ಬಂತು. ಎಲೆಗಳನ್ನು ಹಾಕಿದ್ದವಳು ನಾನೇ. ಹಾಗೆ ಹಾಕಲು ಕಲಿಸಿದವಳು ಚಿತ್ತಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಯಿ.

ಓಣಿಯವರೆಲ್ಲ ಆಯಿ, ಅಂದರೆ ಅಜ್ಜಿ, ಎನ್ನುತ್ತಿದ್ದರೂ ಅವಳು ನಮ್ಮ ಸಂಬಂಧಿಯಲ್ಲ. ಎರಡೂ ಮನೆಗಳ ನಡುವೆ ಒಂದೇ ಗೋಡೆ ಇತ್ತು, ಅಷ್ಟೇ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಅಣ್ಣನ ಮಕ್ಕಳ ಜೊತೆ ಉಳಿದಿದ್ದಳು. ಓಣಿಯ ಹೆಂಗಸರು ಹಳೆಯ ಸೀರೆ, ಹರಿದ ಅಂಗಿಗಳನ್ನು ಗಂಟು ಕಟ್ಟಿ ತಂದು ಅವಳಿಂದ ಕೌದಿ ಹೊಲಿಸಿಕೊಂಡು ಹೋಗುತ್ತಿದ್ದರು. ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ಬಟ್ಟೆ ಹರವಿ, ಮಂಡಿಯೂರಿ, ಕೆಂಪು ದಾರದಲ್ಲಿ ಸಾಲು ಹಿಡಿದು ಹೊಲಿಯುತ್ತಿದ್ದಳು. ನಡುವೆ ಮಾತಾಡಿಸಿದರೆ ಸಿಟ್ಟಿಗೇಳುತ್ತಿದ್ದಳು.

ದಸರೆಗೆ ಮುಂಚೆ ಮನೆಮನೆಯ ಹಾಸಿಗೆ ಹೊದಿಕೆಗಳೆಲ್ಲ ಒಗೆಯಲೆಂದು ಬಂಡಿ ಏರಿ ದಂಡೋತಿಯ ಹೊಳೆಗೆ ಹೋಗುತ್ತಿದ್ದವು. ಆಯಿಯ ಒಂದು ಕೌದಿ ಮಾತ್ರ ಎಂದೂ ಬಂಡಿ ಏರಲಿಲ್ಲ. ಅದು ಟ್ರಂಕಿನಲ್ಲಿ ಬೇವಿನೆಲೆಯ ನಡುವೆ ಇರುತ್ತಿತ್ತು.

"ಅದರಾಗ ಏನು ಬಂಗಾರ ಹೊಲಿದಿಟ್ಟೀ ಆಯಿ?" ಎಂದು ನಮ್ಮವ್ವ ಕಾಡುತ್ತಿದ್ದಳು.

"ಹೂಂ, ನಿನ್ನ ಮಗಳ ಮದುವ್ಯಾಗ ಬಿಚ್ಚತೀನಿ. ಮೊದಲ ವರಾ ಹುಡುಕು."

ನಾನು ಗುಲಬರ್ಗಾದಲ್ಲಿ ಬಿ.ಎ. ಓದುತ್ತಿದ್ದಾಗ ಒಂದು ರಜೆಯಲ್ಲಿ ಸೇಡಂನ ಹಿರಿಯರೊಬ್ಬರು ಆಯಿಯನ್ನು ಹುಡುಕಿಕೊಂಡು ಬಂದರು. ಎಲ್ಲರೂ ಅವರನ್ನು ಸಾಹೇಬರು ಎನ್ನುತ್ತಿದ್ದರು. ಮಹಾಯುದ್ಧದ ಕಾಲದಲ್ಲಿ ವಿಮಾನದ ಇಂಜಿನ್ ರಿಪೇರಿ ಮಾಡುವ ಕೆಲಸದಲ್ಲಿದ್ದವರು. ಆಗ ಗುಲಬರ್ಗಾದ ಒಂದು ಕೋಣೆಯಲ್ಲಿ, ನಮ್ಮ ಸೀಮೆಯಿಂದ ಹೋಗಿ ವಿಮಾನ ಹತ್ತಿದವರ ಫೋಟೊ, ಟೋಪಿ, ಕೈಚೀಲ, ಹಾರಾಟದ ಕಾಗದಗಳನ್ನು ಕೂಡಿಸುತ್ತಿದ್ದರು. ಆಯಿಯ ತಮ್ಮ ಅಂಥವರಲ್ಲಿ ಒಬ್ಬ. ಬರ್ಮಾದ ಕಡೆ ಹೋದ ಅವನ ವಿಮಾನ ತಿರುಗಿ ಬಂದಿರಲಿಲ್ಲ. ಇದು ನನಗೆ ಗೊತ್ತಾದದ್ದು ಅಂದೇ.

"ನಿಮ್ಮ ತಮ್ಮನ ಅಂಗೀದು ಒಂದು ಗುಂಡಿ ಇದ್ದರೂ ನಡೀತದ ಆಯಿ," ಅಂದರು ಸಾಹೇಬರು. "ಇಲ್ಲಂದ್ರ ಬರೇ ಹೆಸರು ಉಳೀತದ. ಬರೇ ಹೆಸರಿನ ಮುಂದ ಯಾರೂ ನಿಲ್ಲಂಗಿಲ್ಲ ನೋಡ್ರಿ."

"ಏನೂ ಉಳಿದಿಲ್ರಿ ಸಾಹೇಬ್ರ. ಚಾ ಆರಾಕತ್ತೈತಿ, ಕುಡೀರಿ."

ಮರುದಿನ ಮಧ್ಯಾಹ್ನ ಆಯಿ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು. ಟ್ರಂಕಿನ ಆ ಕೌದಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಳು. ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬೂದು, ಖಾಕಿ, ಬೂದು, ಖಾಕಿ. ಬೇರೆ ಬಣ್ಣವೇ ಇಲ್ಲ.

ಸತ್ತವರ ಬಟ್ಟೆ ನಮ್ಮಲ್ಲಿ ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಯಾರಿಗಾದರೂ ಕೊಡಬೇಕು, ಇಲ್ಲವೇ ಹೊಳೆಗೆ ಬಿಡಬೇಕು. ತಮ್ಮನ ಸುದ್ದಿ ಬಂದಾಗ ಹಿರಿಯರು ಅವನ ಬಟ್ಟೆಗಳಿಗಾಗಿ ಅವಸರ ಮಾಡಿದರಂತೆ. ಅವರು ಮತ್ತೆ ಕೇಳುವಷ್ಟರಲ್ಲಿ ಆಯಿ ಅವನ್ನೆಲ್ಲ ಕತ್ತರಿಸಿ ಕೌದಿ ಹೊಲಿದುಬಿಟ್ಟಿದ್ದಳು.

"ಕೌದಿ ಅಂದ್ರ ಯಾರೂ ಹೊಳಿಗಿ ಬಿಡಂಗಿಲ್ಲ," ಅಂದಳು. "ಈಗ ಬಿಚ್ಚಿದ್ರ ಅದು ಮತ್ತ ಸತ್ತವನ ಅಂಗಿ ಆಗ್ತದ."

ಅವಳನ್ನು ಕೊರೆಯುತ್ತಿದ್ದದ್ದು ಬೇರೆ. ಕಡೆಯ ಸಲ ರಜೆಗೆ ಬಂದಾಗ ತಮ್ಮ ಒಂದು ರೇಷ್ಮೆ ಬಟ್ಟೆ ತೋರಿಸಿದ್ದ. ಅದರ ತುಂಬ ನಕ್ಷೆ ಅಚ್ಚಾಗಿತ್ತು. ಕಾಡಿನಲ್ಲಿ ಬಿದ್ದರೆ ಇದನ್ನು ನೋಡಿಕೊಂಡು ದಾರಿ ಹಿಡಿಯುತ್ತೇವೆ ಎಂದಿದ್ದ.

"ಭಾಳ ಛಂದ ಅದ ಅಂದೆ. ಹಂಗಾರ ಇಟ್ಕೋ ಅಂತ ಕೊಟ್ಟ ಹೋದ. ಅವನ ದಾರಿ ನನ್ನ ಕಡೇನೇ ಉಳೀತು." ಕೌದಿಯ ನಡುವೆ ಅಂಗೈ ಇಟ್ಟಳು. "ಇದರ ಹೊಟ್ಟ್ಯಾಗ ಅದ. ನೀ ಓದಿದಾಕಿ. ಅವ ಹೋದ ಜಾಗಾ ಅದರಾಗ ಅದನೋ ಇಲ್ಲೋ, ನೋಡಿ ಹೇಳು."

ಬ್ಲೇಡಿನಿಂದ ಒಂದು ಅಂಚಿನ ಹೊಲಿಗೆಯನ್ನೂ ನಡುವಿನ ಸಾಲುಗಳನ್ನೂ ಬಿಚ್ಚಿದೆ. ಮೇಲಿನ ಖಾಕಿ ಮಾಸಿತ್ತು. ಒಳಗಿದ್ದ ರೇಷ್ಮೆಯ ಹಸಿರು ನೀಲಿಗಳು ನಿನ್ನೆ ಅಚ್ಚು ಹಾಕಿದಂತಿದ್ದವು. ಊರುಗಳ ಹೆಸರುಗಳನ್ನು ಓದಿದೆ. ಆದರೆ ಅವನು ಎಲ್ಲಿ ಬಿದ್ದ ಎಂಬುದು ನನಗೇನು ಗೊತ್ತು? ಗೊತ್ತಿಲ್ಲ ಎಂದೇ ಹೇಳಿದೆ. ಸಾಹೇಬರನ್ನು ಕೇಳಲೇ ಎಂದಾಗ ಆಯಿ ಬೇಡ ಅನ್ನಲಿಲ್ಲ. ನಾನು ಸೇಡಂ ಬಸ್ಸು ಹತ್ತಿದೆ.

ಸಾಹೇಬರು ತಮ್ಮ ಕಾಗದಗಳ ಚೀಲದೊಂದಿಗೇ ಬಂದರು. ಬಿಚ್ಚಿದ ಅಂಚಿನಿಂದ ರೇಷ್ಮೆಯನ್ನು ಹೊರಗೆಳೆದು ಬೆಳಕಿಗೆ ಹಿಡಿದರು. ಹೊಲಿಗೆಯ ತೂತುಗಳು ಆ ತುದಿಯಿಂದ ಈ ತುದಿಗೆ ಸಾಲುಗಟ್ಟಿದ್ದವು.

"ಏನ್ ಆಯಿ, ಸಮುದ್ರದ ಮ್ಯಾಲೂ ರೇಲ್ವೆ ಹಳಿ ಹಾಕೀರಲ್ಲ!"

ಆಯಿ ನಗಲಿಲ್ಲ. ಅವಳು ಏನು ಕೇಳಬೇಕೆಂದಿದ್ದಾಳೆಂದು ನಾನೇ ಹೇಳಿದೆ. ಸಾಹೇಬರು ಕನ್ನಡಕ ಏರಿಸಿ, ತಮ್ಮನ ಹಾರಾಟದ ಕಾಗದ ತೆಗೆದು, ನೆಲಕ್ಕೆ ಹರವಿದ ನಕ್ಷೆಯ ಮೇಲೆ ಬೆರಳಾಡಿಸಿದರು. ಬೆರಳು ಬಟ್ಟೆಯ ಅಂಚು ದಾಟಿ ನೆಲದ ಮೇಲೆ ಒಂದು ಗೇಣು ಆಚೆ ನಿಂತಿತು.

"ಅವರು ಹೋದದ್ದು ಇಲ್ಲಿ, ಗುಡ್ಡದ ಕಡಿ. ಈ ನಕ್ಷಾ ಕೆಳಗಿನ ಕಡಲಿನ ಕಡೀದು. ಇದು ಕಿಸೆದಾಗ ಇದ್ದರೂ ಏನೂ ಆಗ್ತಿರಲಿಲ್ಲ. ಆ ಕಡೀ ನಕ್ಷಾ ಬ್ಯಾರೆ ಕೊಟ್ಟೇ ಕಳಸ್ತಿದ್ದರು."

"ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ."

"ಸಮಾಧಾನ ಹೇಳಾಕ ಸೇಡಂದಿಂದ ಬಸ್ಸಿನಾಗ ನಿಂತಕೊಂಡ ಬಂದಿಲ್ರಿ. ನಾ ಕೆಳಗ ನಿಂತು ಎಷ್ಟೋ ಮಂದೀನ ಕಳಿಸೀನಿ. ನಕ್ಷಾ ಇಲ್ದ ಯಾರೂ ವಿಮಾನ ಏರತಿರಲಿಲ್ಲ."

ಆಯಿ ಆ ಗೇಣು ಜಾಗವನ್ನು ನೋಡುತ್ತಲೇ ಇದ್ದಳು. ಬರಿಯ ಕಲ್ಲು ಅದು. ಆಮೇಲೆ ಬ್ಲೇಡು ತೆಗೆದುಕೊಂಡು ರೇಷ್ಮೆಯ ಉಳಿದ ಅಂಚುಗಳನ್ನು ತಾನೇ ಬಿಚ್ಚಿದಳು. ರೇಷ್ಮೆಯನ್ನೂ, ರೆಕ್ಕೆಯ ಗುರುತಿದ್ದ ಒಂದು ಬೂದು ತುಂಡನ್ನೂ ಮಡಚಿ ಸಾಹೇಬರಿಗೆ ಕೊಟ್ಟಳು. ಕೌದಿಯಲ್ಲಿ ಖಾಲಿಯಾದ ಜಾಗಕ್ಕೆ ತನ್ನದೊಂದು ಹಳೆಯ ಸೀರೆ ಹಾಸಿ, ಸಂಜೆಯೊಳಗೆ ಹೊಲಿದು ಮುಗಿಸಿದಳು.

ಕೆಲವು ತಿಂಗಳ ಮೇಲೆ ಅವಳನ್ನು ಗುಲಬರ್ಗಾಕ್ಕೆ ಕರೆದುಕೊಂಡು ಹೋದೆ. ವಾಡಿಯಲ್ಲಿ ಗಾಡಿ ಬದಲಿಸುವಾಗ, ತಮ್ಮ ಇದೇ ಸ್ಟೇಷನ್ನಿನಿಂದ ಹೋದವ ಎಂದಳು, ಅಷ್ಟೇ. ಸಾಹೇಬರ ಕೋಣೆಯಲ್ಲಿ ಶಹಾಬಾದಿನವರೊಬ್ಬರ ಕೈಗವಸು, ಚಿಂಚೋಳಿಯವರೊಬ್ಬರ ಫೋಟೊ. ಅವುಗಳ ನಡುವೆ ಗಾಜಿನ ಹಿಂದೆ ಅವಳ ರೇಷ್ಮೆ. ಆಯಿ ಅದರ ಮುಂದೆ ನೆಲದ ಮೇಲೆ ಕುಳಿತು, ಕಟ್ಟಿ ತಂದಿದ್ದ ರೊಟ್ಟಿ ಬಿಚ್ಚಿದಳು. ಕಾವಲಿನವನು ಏನೋ ಹೇಳಲು ಬಂದ. ಸಾಹೇಬರು ಕಣ್ಣಿನಲ್ಲೇ ತಡೆದರು.

"ಇವನ ಮುಂದ ಕುಂತು ಉಂಡು ಭಾಳ ದಿನ ಆಗಿತ್ತು," ಅಂದಳು. ನನಗೂ ಅರ್ಧ ರೊಟ್ಟಿ ಕೊಟ್ಟಳು.

ಆಯಿ ಹೋಗಿ ಎರಡು ಚಳಿಗಾಲ ಕಳೆದಿವೆ. ಸಾಹೇಬರಿಗೆ ಕಣ್ಣು ಮಂಜಾಗಿದೆ, ಕೋಣೆಯ ವಸ್ತುಗಳ ಹೆಸರಿನ ಚೀಟಿಗಳನ್ನು ಈಗ ನಾನು ಬರೆದುಕೊಡುತ್ತೇನೆ. ಕೋಡ್ಲಾದಿಂದ ಒಬ್ಬರು ಮೊನ್ನೆ ತಮ್ಮ ಕಾಕಾನ ಟೋಪಿ ತಂದುಕೊಟ್ಟರು; ಅದಕ್ಕೆ ಜಾಗ ಮಾಡಬೇಕಾಗಿದೆ. ರೇಷ್ಮೆಯ ಕೆಳಗಿನ ಹಳೆಯ ಚೀಟಿಯಲ್ಲಿ ತಮ್ಮನ ಹೆಸರೊಂದೇ ಇತ್ತು. ಹೊಸದರಲ್ಲಿ, ಇದನ್ನು ಕಾಪಾಡಿದವರು ಯಾರೆಂದೂ ಬರೆಯಬೇಕೆಂದುಕೊಂಡೆ. ಪೆನ್ನು ಹಿಡಿದು ಕುಳಿತಾಗ ಗೊತ್ತಾಯಿತು, ಅಷ್ಟು ವರ್ಷ ಒಂದು ಗೋಡೆಯಾಚೆ ಇದ್ದರೂ ಅವಳ ಹೆಸರು ನನಗೆ ತಿಳಿದಿರಲಿಲ್ಲ... ಚಿತ್ತಾಪುರಕ್ಕೆ ಹೋಗಿ, ಅವರ ಮನೆಯಲ್ಲಿ ಕೇಳಿಕೊಂಡು ಬಂದು ಬರೆದೆ.