ತೆರೆಯ ಮೇಲೆ ಒದ್ದ ಕಾಲು

ನಾನು ಎರಡನೆಯ ಸಲ ಬಸುರಿಯಾದಾಗ ಯಾರಿಗೂ ಹೇಳಬಾರದೆಂದು ನಾವು ಗಂಡಹೆಂಡತಿ ಮಾತಾಡಿಕೊಂಡೆವು. ಮೊದಲ ಸಲ ಹೇಳಿಕೊಂಡಿದ್ದೆವು. ಮುಡುಕುತೊರೆಯಲ್ಲಿರುವ ನಮ್ಮವ್ವ ಅಕ್ಕಪಕ್ಕದವರಿಗೆಲ್ಲ ಸುದ್ದಿ ಮುಟ್ಟಿಸಿ, ಬಾಣಂತನಕ್ಕೆ ಯಾವ ಕೋಣೆ ಎಂದು ಗೊತ್ತು ಮಾಡಿಯೂ ಆಗಿತ್ತು. ಆಮೇಲೆ ಒಂದು ದಿನ ಸ್ಕ್ಯಾನಿಂಗಿಗೆ ಹೋದಾಗ ಡಾಕ್ಟರು ಬಹಳ ಹೊತ್ತು ಮಾತಾಡದೆ ತೆರೆಯನ್ನೇ ನೋಡುತ್ತಿದ್ದು, ಕೊನೆಗೆ, ಎದೆಬಡಿತ ಕಾಣುತ್ತಿಲ್ಲ ಎಂದರು. ನನಗೆ ನೋವು ಬಂದಿರಲಿಲ್ಲ, ರಕ್ತ ಹೋಗಿರಲಿಲ್ಲ. ಹಿಂದಿನ ದಿನ ಡ್ಯೂಟಿ ಮಾಡಿ, ಮನೆಗೆ ಬಂದು ಹೊಟ್ಟೆತುಂಬ ಉಂಡಿದ್ದೆ. ಒಳಗೆ ಎಲ್ಲ ನಿಂತುಹೋಗಿದ್ದರೂ ನನಗೇ ಗೊತ್ತಾಗಿರಲಿಲ್ಲ. ದುಃಖ ನಿಧಾನವಾಗಿ ಕಡಿಮೆಯಾಯಿತು. ಈ ಗೊತ್ತಾಗದೆ ಹೋದದ್ದು ಮಾತ್ರ ಮನಸ್ಸಿನಿಂದ ಹೋಗಲಿಲ್ಲ.

ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ನಂಜನಗೂಡಿನಿಂದ ತಗಡೂರಿನ ಮೇಲೆ ತಿ. ನರಸೀಪುರಕ್ಕೆ ಹೋಗಿ ಬರುವ ಬಸ್ಸು ಆ ವರ್ಷ ನನ್ನದಾಗಿತ್ತು. ನನ್ನ ಗಂಡ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಿಷನ್ನು ನೋಡಿಕೊಳ್ಳುತ್ತಿದ್ದರು. ಮಾತು ಕಡಿಮೆ. ಮನಸ್ಸಿನಲ್ಲಿ ಏನಾದರೂ ಹೊಕ್ಕರೆ ಮಾತ್ರ ಅದರ ಬುಡ ಮುಟ್ಟುವವರೆಗೆ ಬಿಡುವ ಜಾತಿಯಲ್ಲ. ಈ ಸಲ ಅವರ ಮನಸ್ಸಿಗೆ ಹೊಕ್ಕಿದ್ದು ಮೊಬೈಲಿನ ಒಂದು ಆ್ಯಪ್. ವಾರ ವಾರ ಮಗು ಎಷ್ಟು ದೊಡ್ಡದಾಯಿತು, ಈ ವಾರ ಏನು ಬೆಳೆಯಿತು ಎಂದು ಅದು ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಗಾತ್ರ ತಿಳಿಯಲಿ ಎಂದು ಒಂದೊಂದು ಹಣ್ಣಿನ ಚಿತ್ರ ಕೊಡುತ್ತಿತ್ತು. ಆ ಹಣ್ಣುಗಳಲ್ಲಿ ಅರ್ಧದಷ್ಟನ್ನು ನಾವು ಕಂಡೇ ಇರಲಿಲ್ಲ.

"ಈ ವಾರ ಇಷ್ಟು ಅಂತೆ ಕಣೇ," ಎಂದು ಅವರು ಚಿತ್ರ ತೋರಿಸುವರು.

"ಅದೇನ್ರೀ ಅದು?"

"ಯಾವ್ದೋ ಫಾರಿನ್ ಹಣ್ಣು. ನಮ್ಮ ನೆಲ್ಲಿಕಾಯಷ್ಟು ಅಂತ ಇಟ್ಕೊ."

ಹೀಗೆ ನಮ್ಮ ಮಗು ಹೆಸರುಕಾಳಾಗಿ, ಅವರೆಕಾಳಾಗಿ, ನೆಲ್ಲಿಕಾಯಾಗಿ ಬೆಳೆಯಿತು. ಮೊದಮೊದಲು ನಾನು ಮುಖ ಆ ಕಡೆ ತಿರುಗಿಸುತ್ತಿದ್ದೆ. ಆಸೆ ಇಟ್ಟುಕೊಂಡರೆ ಕಷ್ಟ ಎಂಬ ಹೆದರಿಕೆ. ಮೂರನೆಯ ತಿಂಗಳ ಸ್ಕ್ಯಾನಿಂಗಿನಲ್ಲಿ ಈ ಮಗುವಿನ ಎದೆಬಡಿತ ಕೋಣೆಯೆಲ್ಲ ಕೇಳುವಂತೆ ದಡದಡ ಎಂದಿತು. ಅಂದು ಹೊರಗೆ ಬಂದು, ಕಬ್ಬಿನ ಹಾಲಿನ ಅಂಗಡಿಯ ಮುಂದೆ ನಿಂತು, ನಾನೇ ಕೇಳಿದೆ: "ಆ ಮೊಬೈಲು ಕೊಡಿ ಇಲ್ಲಿ. ಈ ವಾರ ಏನಂತೆ?"

"ನಿಂಬೆಹಣ್ಣು," ಎಂದರು.

ಬಸ್ಸಿನಲ್ಲಿ ಗುಟ್ಟು ಬಹಳ ದಿನ ಉಳಿಯಲಿಲ್ಲ. ತಗಡೂರಿನಲ್ಲಿ ಸೊಪ್ಪಿನ ಮಂಕರಿ ಹೊತ್ತು ಹತ್ತಿ, ನರಸೀಪುರದ ಮಾರ್ಕೆಟ್ಟಿಗೆ ಹೋಗುವ ಒಬ್ಬ ಹೆಂಗಸು ಇದ್ದರು. ನಮ್ಮವ್ವನ ವಯಸ್ಸು. ಡ್ರೈವರ್ ಸೀಟಿನ ಹಿಂದಿನ ಸೀಟು ಅವರಿಗೆ ಖಾಯಂ. ನಾನು ಒಂದೆರಡು ಸಲ ಡೀಸೆಲ್ ವಾಸನೆಗೆ ಬಾಯಿಗೆ ಕರ್ಚೀಫು ಒತ್ತಿಕೊಂಡದ್ದನ್ನು ನೋಡಿ, ಫ್ರೀ ಟಿಕೆಟ್ಟಿಗೆ ಆಧಾರ್ ಕಾರ್ಡು ಚಾಚುತ್ತಾ ಮೆಲ್ಲಗೆ ಅಂದರು: "ಯಾರ್ಗೂ ಯೋಳಕಿಲ್ಲ ಬುಡವ್ವ. ಬಾ, ಇಲ್ಲಿ ಕುಂತ್ಕೊ." ಅವರು ಹೇಳಲಿಲ್ಲವೆಂದೇ ನಂಬುತ್ತೇನೆ. ಆದರೂ ಹದಿನೈದು ದಿನದಲ್ಲಿ ದಿನಾ ಓಡಾಡುವವರಿಗೆಲ್ಲ ಗೊತ್ತಾಗಿಹೋಯಿತು. ನಮ್ಮ ಡ್ರೈವರ್ರಂತೂ ರಿಟೈರಾಗಲು ಬಂದ ಮನುಷ್ಯ. ಅದುವರೆಗೆ ರಸ್ತೆಯ ಹಂಪು ಕಂಡರೂ ಕಾಣದವರಂತೆ ಹಾರಿಸುತ್ತಿದ್ದವರು ಈಗ ಎತ್ತಿನಗಾಡಿ ಹೊಡೆದ ಹಾಗೆ ಇಳಿಸತೊಡಗಿದರು.

ಐದನೆಯ ತಿಂಗಳು ಹಿಡಿಯಿತು. ಆ್ಯಪಿನಲ್ಲಿ ಮಗು ಬಾಳೆಹಣ್ಣಿನ ಉದ್ದಕ್ಕೆ ಬಂದಿತ್ತು. ಯಾವ ಬಾಳೆ ಎಂದು ನಮ್ಮಿಬ್ಬರಿಗೂ ವಾದ. ರಸಬಾಳೆ ಎಂದು ನಾನು, ಅಷ್ಟು ಗಿಡ್ಡ ಆಗಿರಲಾರದು, ಪಚ್ಚಬಾಳೆ ಎಂದು ಅವರು. ಅದರ ಕೆಳಗೇ ಇನ್ನೊಂದು ಸಾಲಿತ್ತು. ಮಗು ಮಿಸುಕುವುದು ತಾಯಿಗೆ ಈಗಾಗಲೇ ಗೊತ್ತಾಗುತ್ತಿರಬಹುದು ಎಂದು.

ನನಗೆ ಗೊತ್ತಾಗುತ್ತಿರಲಿಲ್ಲ.

ಕಾರ್ಖಾನೆಯಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳುವರು. "ಇವತ್ತೇನಾರ ಗೊತ್ತಾಯ್ತಾ?"

"ಇಲ್ಲ ಕಣ್ರೀ."

ಅಷ್ಟರಲ್ಲಿ ಅವ್ವನಿಗೂ ಹೇಳಿದ್ದೆವು. ಫೋನಿನಲ್ಲಿ ಅವಳು, "ನೀನು ನಾಕ್ ತಿಂಗ್ಳಿಗೇ ಒದೆಯಕ್ ಸುರು ಮಾಡಿದ್ದೆ," ಎಂದಳು. ಬಸ್ಸಿನಲ್ಲಿ ನಿಂತಾಗ ಇಂಜಿನ್ನಿನ ನಡುಕವೆಲ್ಲ ಮೈಗೆ ಹತ್ತುತ್ತದೆ, ಅದಕ್ಕೇ ತಿಳಿಯುತ್ತಿಲ್ಲವೇನೋ ಎಂದುಕೊಂಡೆ. ಭಾನುವಾರ ಮನೆಯಲ್ಲಿ ಚಾಪೆ ಹಾಸಿ, ಎಡಕ್ಕೆ ಮಲಗಿ, ಬಲಕ್ಕೆ ಮಲಗಿ, ತಣ್ಣೀರು ಕುಡಿದು, ಸಿಹಿ ತಿಂದು ಕಾದೆ. ಏನೂ ಇಲ್ಲ. ಕೆಲವು ದಿನ ಕಳೆದ ಮೇಲೆ ನನ್ನ ಗಂಡ ಕೇಳುವುದನ್ನು ನಿಲ್ಲಿಸಿದರು. ಚಪ್ಪಲಿ ಬಿಟ್ಟು, ನನ್ನ ಮುಖ ಒಮ್ಮೆ ನೋಡಿ, ನೇರ ಬಚ್ಚಲಿಗೆ ಹೋಗುವರು. ಕೇಳುತ್ತಿದ್ದಾಗಲೇ ವಾಸಿ ಅನ್ನಿಸಿತು. ಮಗುವಿನ ಅಂಗಾಂಗ ನೋಡುವ ದೊಡ್ಡ ಸ್ಕ್ಯಾನಿಂಗಿಗೆ ಮುಂದಿನ ವಾರ ಬನ್ನಿ ಎಂದು ಡಾಕ್ಟರು ಹೇಳಿದ್ದರು. ಅಲ್ಲಿಯವರೆಗೆ ತಡೆದುಕೊಳ್ಳೋಣ ಎಂದು ನಾವಿಬ್ಬರೂ ಬಾಯಿಬಿಟ್ಟು ಹೇಳದೆಯೇ ಒಪ್ಪಿಕೊಂಡಿದ್ದೆವು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಸೊಪ್ಪಿನವರು ಕೇಳಿದರು. "ಎಂಗವ್ವ, ಮಗ ಚೆನ್ನಾಗ್ ಆಡ್ತಾ ಅದಾ?"

"ಇನ್ನೂ ಇಲ್ಲ ಕಣಮ್ಮ."

"ಇನ್ನೂವಾ?" ಅವರ ಕೈ ಮಂಕರಿಯ ಮೇಲೆ ಹಾಗೇ ನಿಂತಿತು. "ನಮ್ ಸೊಸೆಗೆ ಇಷ್ಟೊತ್ಗೆಲ್ಲ..." ಎಂದವರು ನನ್ನ ಮುಖ ನೋಡಿ ಮಾತು ನುಂಗಿಕೊಂಡರು.

ಅವರು ಕೆಟ್ಟದ್ದೇನೂ ಆಡಿರಲಿಲ್ಲ. ಆದರೆ ಆ ಕ್ಷಣ ನನಗೆ ಹಳೆಯ ಸ್ಕ್ಯಾನಿಂಗ್ ಕೋಣೆ, ಡಾಕ್ಟರ ಮೌನ ಎಲ್ಲ ಒಟ್ಟಿಗೆ ಬಂದುಬಿಟ್ಟಿತು. ಮುಂದಿನ ಸೀಟಿನವರು ಮೂಗೂರು ಎಂದರೆ ನಾನು ಟಿಕೆಟ್ ಮಿಷನ್ನಿನಲ್ಲಿ ಇನ್ನಾವುದೋ ಊರು ಒತ್ತಿದೆ. ಹೊಟ್ಟೆಯ ಮೇಲೆ ಕೈಯಿಟ್ಟೆ. ಒಳಗಿನಿಂದ ಉತ್ತರವೇ ಇಲ್ಲ. ನರಸೀಪುರದ ಸ್ಟ್ಯಾಂಡಿಗೆ ಬಂದು ಜನ ಇಳಿದ ಮೇಲೆ ಡ್ರೈವರ್ ಹಿಂದಕ್ಕೆ ತಿರುಗಿ ನೋಡಿದರು. ನಾನು ಖಾಲಿ ಸೀಟಿನಲ್ಲಿ ಕೂತು ಅಳುತ್ತಿದ್ದೆ.

"ಏನಾಯ್ತು ತಾಯಿ?"

"ಮಗು ಅಲ್ಲಾಡ್ತಾನೇ ಇಲ್ಲ. ನಂಗೆ ಭಯ ಆಗ್ತದೆ."

ಅವರು ಇನ್ನೊಂದು ಮಾತು ಕೇಳಲಿಲ್ಲ. "ಬ್ಯಾಗು ಇಲ್ಲಿ ಕೊಡಿ. ಸ್ಟ್ಯಾಂಡಿನ ಕಂಟ್ರೋಲರ್ ಹತ್ರ ನಾನ್ ಮಾತಾಡ್ತೀನಿ. ಬಸ್ಸು ನಿಂತ್ರೆ ನಿಂತ್ಕಳ್ಳಿ, ಮೊದ್ಲು ನೀವು ಆಸ್ಪತ್ರೆಗೆ ನಡೀರಿ."

ಕೆಳಗಿಳಿದಿದ್ದ ಸೊಪ್ಪಿನವರು ಮಂಕರಿಯನ್ನು ಬಸ್ಸಿನ ಮೆಟ್ಟಿಲ ಮೇಲೇ ಇಟ್ಟರು. "ನಾನೂ ಬತ್ತೀನಿ. ನನ್ ಬಾಯಿಂದ ಬಂದ ಮಾತಲ್ವಾ ಇದು," ಎಂದು ನನ್ನ ತೋಳು ಹಿಡಿದರು. ಬೇಡವೆಂದರೂ ಬಿಡಲಿಲ್ಲ. ಇಬ್ಬರೂ ಆಟೋ ಹತ್ತಿದೆವು. ದಾರಿಯಲ್ಲೇ ನನ್ನ ಗಂಡನಿಗೆ ಫೋನು ಮಾಡಿ ಆಸ್ಪತ್ರೆಯ ಗುರುತು ಹೇಳಿದೆ. "ಬಂದೆ" ಎಂಬ ಒಂದೇ ಮಾತು ಕೇಳಿಸಿತು.

ಅದೊಂದು ಸಣ್ಣ ಹೆರಿಗೆ ಆಸ್ಪತ್ರೆ. ಡಾಕ್ಟರು ಹೆರಿಗೆ ಕೋಣೆಯಲ್ಲಿದ್ದಾರೆ, ಬರುವುದು ತಡವಾಗುತ್ತದೆ ಎಂದು ನರ್ಸ್ ಬೆಂಚು ತೋರಿಸಿದರು. ಕೂತೆವು. ಸೊಪ್ಪಿನವರು ನನ್ನ ಕೈ ಹಿಡಿದುಕೊಂಡು ತಮ್ಮ ಮೊಮ್ಮಗಳ ತುಂಟಾಟಗಳನ್ನು ಒಂದರ ಹಿಂದೊಂದು ಹೇಳುತ್ತಾ ಹೋದರು. ನನಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ಅವರ ಅಂಗೈಯಿಂದ ಬಂದ ಕೊತ್ತಂಬರಿಯ ವಾಸನೆಯೊಂದು ಚೆನ್ನಾಗಿ ನೆನಪಿದೆ.

ನನ್ನ ಗಂಡ ಬಂದರು. ಹೆಲ್ಮೆಟ್ ತೆಗೆದರೆ ಒಳಗೆ ಕಾರ್ಖಾನೆಯಲ್ಲಿ ತಲೆಗೂದಲು ಉದುರದಂತೆ ಹಾಕುವ ಬಿಳಿ ಟೋಪಿ ಹಾಗೇ ಇತ್ತು. ಅವರಿಗೆ ಅದರ ಅರಿವೇ ಇರಲಿಲ್ಲ. ನನ್ನ ಪಕ್ಕ ಕೂತು, "ಏನೂ ಆಗಿರಲ್ಲ," ಎಂದರು. ಸೊಪ್ಪಿನವರು ಎದ್ದು, ನಮ್ಮಿಬ್ಬರನ್ನೇ ಬಿಟ್ಟು, ಬಾಗಿಲ ಬಳಿ ಹೋಗಿ ನಿಂತರು.

ಹೆರಿಗೆ ಮುಗಿಸಿ ಬಂದ ಡಾಕ್ಟರಮ್ಮ ನನ್ನ ಮಾತು ಪೂರ್ತಿ ಕೇಳಿದರು. ಮೊದಲ ಸಲದ್ದನ್ನೂ ಹೇಳಿದೆ. "ಹಾಗಾದ್ರೆ ಮಾತು ಆಮೇಲೆ, ಮೊದಲು ನೋಡೇಬಿಡೋಣ," ಎಂದು ಸ್ಕ್ಯಾನಿಂಗ್ ಕೋಣೆಗೆ ಕರೆದರು. ನನ್ನ ಗಂಡನನ್ನೂ ಒಳಗೆ ಬಿಟ್ಟರು. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಬಿದ್ದದ್ದೇ ನಾನು ಕಣ್ಣು ಮುಚ್ಚಿದೆ. ಮೌನ ಬಂದರೆ ಏನು ಮಾಡುವುದು ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಮೌನ ಬರಲಿಲ್ಲ. "ಅಯ್ಯೋ, ಇವರನ್ನ ನೋಡಿ!" ಎಂದು ಡಾಕ್ಟರಮ್ಮ ನಕ್ಕುಬಿಟ್ಟರು. "ಒಂದು ನಿಮಿಷ ಸುಮ್ನೆ ನಿಂತ್ರೆ ಅಳತೆ ತಗೋಬಹುದು. ನಿಲ್ಲೋದೇ ಇಲ್ಲ ಅಂತಿದೆ."

ಕಣ್ಣು ಬಿಟ್ಟೆ. ತೆರೆಯ ಮೇಲೆ ಬೂದುಬಣ್ಣದ ಒಂದು ಪುಟ್ಟ ದೇಹ ಮಗುಚಿಕೊಂಡಿತು. ಒಂದು ಕೈ ಮುಖದ ಹತ್ತಿರ ಹೋಯಿತು. ಆಮೇಲೆ ಒಂದು ಕಾಲು ಮಡಿಸಿ, ನಾವು ನೋಡುತ್ತಿದ್ದ ಹಾಗೆಯೇ, ಝಾಡಿಸಿ ಒದ್ದಿತು.

"ಒದೀತು ಕಣೇ! ಈಗ ಒದೀತು! ಗೊತ್ತಾಯ್ತಾ?" ನನ್ನ ಗಂಡ ಹೆಚ್ಚುಕಡಿಮೆ ಕೂಗಿದರು.

"ಇಲ್ಲ!" ಎಂದೆ. ನಿಜಕ್ಕೂ ಏನೂ ಗೊತ್ತಾಗಿರಲಿಲ್ಲ.

ಮತ್ತೆ ಒದೆಯಿತು. "ಈಗ?"

"ಇಲ್ಲ!" ನಾನು ಅಳುತ್ತಾ ನಗುತ್ತಿದ್ದೆ.

ಡಾಕ್ಟರಮ್ಮ ತೆರೆಯಲ್ಲಿ ಒಂದು ದಪ್ಪ ಪದರ ತೋರಿಸಿದರು. "ಇದು ಮಾಸು, ಪ್ಲಾಸೆಂಟಾ ಅಂತೀವಲ್ಲ ಅದು. ಕೆಲವರಿಗೆ ಹಿಂದ್ಗಡೆ ಇರುತ್ತೆ, ನಿಮಗೆ ಮುಂದ್ಗಡೆ ಇದೆ. ಮಗುಗೂ ನಿಮ್ಮ ಹೊಟ್ಟೆಗೂ ಮಧ್ಯೆ ದಿಂಬು ಇಟ್ಟ ಹಾಗೆ. ಅದು ಒದೀತಾನೇ ಇದೆ, ನಿಮಗೆ ತಲುಪ್ತಾ ಇಲ್ಲ ಅಷ್ಟೇ. ಇನ್ನು ಸ್ವಲ್ಪ ವಾರಕ್ಕೆ ಪಕ್ಕದಲ್ಲಿ, ಕೆಳಗಡೆ ಗೊತ್ತಾಗುತ್ತೆ. ಗೊತ್ತಾಗಕ್ಕೆ ಶುರುವಾದ ಮೇಲೆ ಯಾವತ್ತಾದ್ರೂ ಕಮ್ಮಿ ಅನ್ನಿಸಿದ್ರೆ ತಕ್ಷಣ ಬರ್ಬೇಕು. ಇವತ್ತು ಬಂದಿದ್ದೂ ಒಳ್ಳೇದೇ ಆಯ್ತು." ಆಮೇಲೆ ನನ್ನ ಗಂಡನ ಕಡೆ ತಿರುಗಿ, "ನಿಮ್ಮ ಟೋಪಿ ತೆಗೀಬಹುದು," ಎಂದರು.

ಹೊರಗೆ ಬಂದಾಗ ಸೊಪ್ಪಿನವರು ನಮ್ಮ ಮುಖ ನೋಡಿಯೇ ಕೈಯೆತ್ತಿ ನಂಜನಗೂಡಿನ ದೇವರು ನಂಜುಂಡಪ್ಪನಿಗೆ ಮುಗಿದರು. ಸ್ಟ್ಯಾಂಡಿಗೆ ಹಿಂತಿರುಗಿದರೆ ಬಸ್ಸು ಬೇರೆ ಕಂಡಕ್ಟರನ್ನು ಹತ್ತಿಸಿಕೊಂಡು ಹೋಗಿಯಾಗಿತ್ತು. ಡ್ರೈವರ್ ಹೊರಡುವ ಮುಂಚೆ ಮಂಕರಿಯನ್ನು ಹೂವಿನ ಅಂಗಡಿಯ ನೆರಳಿಗೆ ಇಡಿಸಿ, ಸೊಪ್ಪಿನ ಮೇಲೆ ನೀರು ಚಿಮುಕಿಸಿ, ಒದ್ದೆ ಚೀಲ ಹೊದಿಸಿ ಹೋಗಿದ್ದರು. ನಾನು ಸಂಕೋಚದಿಂದ ಏನೋ ಹೇಳಹೊರಟೆ. "ಸೊಪ್ಪು ನಾಳೆನೂ ಬೆಳೀತದೆ, ಓಗವ್ವ," ಎಂದು ಸೊಪ್ಪಿನವರು ಮಂಕರಿ ಹೊತ್ತು ಮಾರ್ಕೆಟ್ಟಿನ ಕಡೆ ನಡೆದರು. ನಾವು ಹೋಟೆಲಿಗೆ ಹೋಗಿ ಎರಡೆರಡು ಮಸಾಲೆ ದೋಸೆ ತಿಂದೆವು. ಅಷ್ಟು ಹಸಿವಾಗಿದೆಯೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಡಾಕ್ಟರಮ್ಮ ಹೇಳಿದ ಹಾಗೆಯೇ ಆಯಿತು. ಆರನೆಯ ತಿಂಗಳಲ್ಲಿ ನನಗೆ ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ಅಲ್ಲಿ ಒಂದು ದಿನ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಬಲಗಡೆ, ಸೊಂಟದ ಹತ್ತಿರ, ಯಾರೋ ಒಳಗಿನಿಂದ ಬೆರಳಲ್ಲಿ ಮೀಟಿದಂತಾಯಿತು. ಅನ್ನದ ಕೈಯನ್ನು ಹಾಗೇ ಹಿಡಿದು ಕಾದೆ. ಮತ್ತೆ ಮೀಟಿತು. ಎಡಗೈಯಲ್ಲಿ ಫೋನು ಮಾಡಿ, "ಬಂತು ಕಣ್ರೀ," ಎಂದೆ. ಆ ಕಡೆ ಮಿಷನ್ನುಗಳ ಗದ್ದಲ. "ಏನ್ ಬಂತು?" ಎಂದು ಅವರು ಕೂಗಿದರು. ನಾನೂ ಕೂಗಿ ಹೇಳಬೇಕಾಯಿತು. ಡಿಪೋದವರೆಲ್ಲ ತಿರುಗಿ ನೋಡಿದರು.

ಅವರ ಕೈಗೆ ಮಾತ್ರ ಅದು ಬಹಳ ದಿನ ಸಿಗಲಿಲ್ಲ. ಕೈಯಿಟ್ಟರೆ ಮಗು ಸುಮ್ಮನಾಗುತ್ತಿತ್ತು, ತೆಗೆದರೆ ಆಡುತ್ತಿತ್ತು. "ನಂಗೆ ಆಟ ಆಡಿಸ್ತಾ ಅದೆ," ಎಂದು ಗೊಣಗುವರು. ಒಂದು ಭಾನುವಾರ ಮಧ್ಯಾಹ್ನ ಕಾದು ಕಾದು, ಕೈ ನನ್ನ ಹೊಟ್ಟೆಯ ಮೇಲಿದ್ದಂತೆಯೇ ಅವರಿಗೆ ನಿದ್ದೆ ಹತ್ತಿತು. ಆಗ ಬಿತ್ತು ನೋಡಿ ಒದೆ. ಬೆಚ್ಚಿಬಿದ್ದು ಎದ್ದು ಕೂತರು. "ಯಾರು?" ಎಂದು ಕೇಳಿದರು.

ತಿಂಗಳು ತುಂಬಿ ಮಗಳು ಹುಟ್ಟಿದಳು. ನಮಗೆ ಮೊದಲು ಕೇಳಿಸಿದ್ದು ಅವಳ ಅಳು. ಸಣ್ಣ ಅಳುವಲ್ಲ, ವಾರ್ಡಿನ ಆ ತುದಿಯಲ್ಲಿದ್ದ ನಮ್ಮವ್ವನಿಗೂ ಕೇಳಿಸುವಂಥದ್ದು. ನರ್ಸ್ ಅವಳನ್ನು ಒರೆಸಿ ನನ್ನ ಎದೆಯ ಮೇಲೆ ಮಲಗಿಸಿದರು. ಬೆಚ್ಚಗಿದ್ದಳು, ಭಾರವಿದ್ದಳು. ಉಸಿರಾಡುವಾಗ ಅವಳ ಬೆನ್ನು ನನ್ನ ಕೈಕೆಳಗೆ ಏರಿ ಇಳಿಯುತ್ತಿತ್ತು. ಇನ್ನು ಯಾರನ್ನೂ ಏನನ್ನೂ ಕೇಳುವ ಅಗತ್ಯವಿರಲಿಲ್ಲ. ಮಧ್ಯಾಹ್ನ ಅವಳನ್ನು ಅವಳಪ್ಪನ ಮಡಿಲಿಗೆ ಕೊಟ್ಟು, ಗೋಡೆಯ ಕಡೆ ಹೊರಳಿ ಮಲಗಿದೆ. ಎಷ್ಟೋ ತಿಂಗಳಿಂದ ಬಾರದಿದ್ದ ನಿದ್ದೆ ಬಂತು. ಎಚ್ಚರವಾದಾಗ ಕಿಟಕಿಯಲ್ಲಿ ಸಂಜೆಯ ಬಿಸಿಲಿತ್ತು. ಅವ್ವ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದಳು. ನನ್ನ ಗಂಡ ನಾನು ಮಲಗುವಾಗ ಕೂತಿದ್ದ ಜಾಗದಲ್ಲೇ, ಕಾಲು ಜೋಮು ಹಿಡಿದರೂ ಅಲುಗಾಡದೆ, ಮಗಳನ್ನು ಎತ್ತಿಕೊಂಡು ಕೂತಿದ್ದರು.