ಲಾಯರಣ್ಣ ಕೇಳದ ಕೇಸು

ಸಹಕಾರನಗರದ ನಮ್ಮ ಬೀದಿಮೂಲೆಯ ಇಸ್ತ್ರಿ ಗಾಡಿಯಲ್ಲಿ ಇವತ್ತು ಬೆಳಿಗ್ಗೆ ಯಾರದೋ ಕರಿಕೋಟು ಬೇಯುತ್ತಿತ್ತು. ಬಿಸಿ ಬಟ್ಟೆ, ನುಸಿಗುಳಿಗೆ, ಒಂದಿಷ್ಟು ಹಳೇ ಬೆವರು. ಆ ವಾಸನೆಗೆ ನಾನು ಮೂಗು ಮುಚ್ಚಿಕೊಳ್ಳುವ ಬದಲು, ಹಿರಿಯರೆದುರು ನಿಂತವನ ಹಾಗೆ ಚಪ್ಪಲಿ ಬಿಡಲು ಹೊರಟೆ ಎಂದರೆ ನೀವು ನಗುತ್ತೀರಿ. ಆದರೆ ನಮ್ಮೂರು ಹುಣಸಮಾರನಹಳ್ಳಿಯಲ್ಲಿ ಲಾಯರಣ್ಣನ ಕೋಟಿಗೆ ಇದೇ ವಾಸನೆಯಿತ್ತು.

ಅವರಿಗೆ ತಂದೆತಾಯಿ ಇಟ್ಟ ಹೆಸರೂ ಒಂದಿತ್ತು, ಬಳಕೆಯಲ್ಲಿರಲಿಲ್ಲ. ಸೈಕಲ್ಲಿನಲ್ಲಿ ಕೋರ್ಟಿಗೆ ಹೋಗುತ್ತಿದ್ದಾಗ ಲಾಯರಣ್ಣ, ಎಲೆಕ್ಷನ್ ಗೆದ್ದು ಎಮ್ಮೆಲ್ಲೆಯಾದಾಗ ಲಾಯರಣ್ಣ, ಕೊನೆಗೆ ಹೈಕೋರ್ಟಿನ ಜಡ್ಜಾಗಿ ಸಾಕ್ಷಾತ್ ಸರ್ಕಾರವೇ ಬಂದು ಕೈಕಟ್ಟಿ ನಿಲ್ಲುವಂತಾದಾಗಲೂ ಲಾಯರಣ್ಣ. ಎಮ್ಮೆಲ್ಲೆಯಾಗಿದ್ದಾಗ ಅವರು ತಪ್ಪಿಸಿದ ತಿಥಿಯಿಲ್ಲ. ಎಷ್ಟೋ ಸಾವಿನ ಮನೆಗೆ ನೆಂಟರಿಗಿಂತ ಮೊದಲು ಬಂದಿರುತ್ತಿದ್ದರು. ಜಡ್ಜಾದದ್ದೇ, ಎಲ್ಲ ನಿಂತಿತು. ನನ್ನ ಮದುವೆಗೂ ಬರಲಿಲ್ಲ. "ತಲೆ ತಿರುಗೈತೆ" ಎಂದು ಊರು ತೀರ್ಪು ಕೊಟ್ಟಿತು. ಆ ತೀರ್ಪಿನ ಮೇಲೆ ಅಪೀಲಿಲ್ಲ.

ಅಪ್ಪ ಮಾತ್ರ ಹಿಗ್ಗಿದ್ದರು. ನಮ್ಮ ಬಾವಿ ಹಿತ್ತಲು ತನ್ನದೆಂದು ಪಕ್ಕದ ಬಿಲ್ಡರ್ ಹೂಡಿದ್ದ ಅಪೀಲು ಲಾಯರಣ್ಣನ ಮುಂದೆಯೇ ಬಂದಿತ್ತು. "ಇನ್ನೇನೋ, ಹಿತ್ತಲು ನಮ್ದೇ" ಎಂದು ಬಾವಿಕಟ್ಟೆಗೆ ಸುಣ್ಣ ಹೊಡೆಸಿಬಿಟ್ಟರು.

ಕೋರ್ಟಿನಲ್ಲಿ ನಮ್ಮ ಕೇಸು ಕೂಗಿದರು. ವಕೀಲರು ಬಾಯಿ ತೆರೆಯುವ ಮೊದಲೇ ಅಪ್ಪ ಹಿಂದಿನ ಬೆಂಚಿನಿಂದ ಎದ್ದು, ಹೊಲದಾಚೆಯವರನ್ನು ಕರೆಯುವ ಗಂಟಲಿನಲ್ಲಿ, "ಏನ್ ಲಾಯರಣ್ಣ, ಚೆನ್ನಾಗಿದ್ದೀಯಾ? ಮನೆ ಕಡೆ ಬರೋದೇ ಬಿಟ್ಟೆ!" ಎಂದರು. ನಾನು ಬೆಂಚಿನ ಕೆಳಗೆ ಜಾಗ ಹುಡುಕುತ್ತಿದ್ದೆ.

"ಚೆನ್ನಾಗಿದ್ದೀನಿ ಗೌಡ್ರೇ." ಲಾಯರಣ್ಣ ಇಡೀ ಕೋರ್ಟಿಗೆ ಕೇಳುವ ಹಾಗೆ ಹೇಳಿದರು. "ನಿಮ್ಮನೇಲಿ ಎಷ್ಟೋ ವರ್ಷ ಮುದ್ದೆ ಉಂಡಿದ್ದೀನಿ. ಅದಕ್ಕೇ ಈ ಕೇಸು ನಾನು ಕೇಳೋ ಹಾಗಿಲ್ಲ."

ಕಡತ ಬೇರೆ ಜಡ್ಜಿಗೆ ಹೋಯಿತು. ಹಿತ್ತಲು ಬಿಲ್ಡರಿಗೆ ಹೋಯಿತು.

"ಇಂಗೆ ಮಾಡ್ಬಿಟ್ನಲ್ಲೋ" ಎಂದ ಅಪ್ಪ ವರ್ಷಗಟ್ಟಲೆ ಅವರ ಹೆಸರೆತ್ತಲಿಲ್ಲ. ನಿವೃತ್ತರಾದ ವಾರವೇ ಲಾಯರಣ್ಣ ಬಸ್ಸಿನಲ್ಲಿ ಬಂದಿಳಿದರು. ನಮ್ಮ ಹಿತ್ತಲಿದ್ದಲ್ಲಿ ಎದ್ದಿದ್ದ ಗೋಡೆಯನ್ನು ಒಂದು ಗಳಿಗೆ ನೋಡಿ, ಬಾಗಿಲಲ್ಲೇ ನಿಂತರು.

"ಒಳಗೆ ಬರ್ಲಾ ಗೌಡ್ರೇ?"

ಅಪ್ಪನೂ ಗೋಡೆ ನೋಡಿದರು. "ಈಗ ಬರಬೌದಾ ನೀನು?"

"ಈಗ ಬರಬೌದು."

"ಮುದ್ದೆ ಆರೋಯ್ತದೆ, ಬಾ."

ಇದನ್ನೆಲ್ಲ ನೆನೆಯುತ್ತ ನಿಂತಿದ್ದಾಗ ಭಾವನ ಫೋನು ಬಂತು. ಅವರ ಮನೆ ಗೇಟು ಫುಟ್‌ಪಾತಿಗೆ ಚಾಚಿದೆ ಎಂದು ನಮ್ಮ ಬಡಾವಣೆ ಸಂಘಕ್ಕೆ ದೂರು ಹೋಗಿದೆ, ಸಂಜೆ ತೀರ್ಮಾನ. ಸಂಘದ ಘನ ಅಧ್ಯಕ್ಷ ನಾನೇ.

"ನೀನಿದ್ದೀಯಲ್ಲೋ, ನನಗೇನ್ ಯೋಚ್ನೆ" ಎಂದರು ಭಾವ. ನಿನ್ನೆಯವರೆಗೆ ನನಗೂ ಇರಲಿಲ್ಲ.

"ಆ ವಿಷಯ ಬಂದಾಗ ನಾನು ಎದ್ದು ಹೊರಗೆ ಹೋಗ್ತೀನಿ, ಭಾವ."

ಫೋನು ಕಟ್ಟಾಯಿತು. ಇನ್ನು ಅಕ್ಕ ಎಷ್ಟು ವರ್ಷ ಮಾತು ಬಿಡುತ್ತಾಳೋ ತಿಳಿಯದು. ಲಾಯರಣ್ಣ ಇಂಥ ಮುನಿಸುಗಳನ್ನು ಎಷ್ಟು ದಾಟಿರಬೇಕು! ನನಗೆ ಒಂದಕ್ಕೇ ಅಂಗಿ ಬೆವರಲ್ಲಿ ಒದ್ದೆಯಾಗಿತ್ತು.