ದಮ್ಮು ಕೇಳುವ ಸಂಜೀವಣ್ಣ

ಎದುರಿಗಿದ್ದವರ ಮಾತಿಗಿಂತ ಅವರ ಉಸಿರಿನ ಕಡೆಗೇ ಸಂಜೀವಣ್ಣನ ಕಿವಿ ಇರುತ್ತಿತ್ತು. ನಾವು ಏನೋ ಹೇಳುತ್ತ ನಡುವೆ ಒಂದಿಷ್ಟು ಗಾಳಿ ಎಳೆದುಕೊಂಡರೆ ಅವರ ಬಲಗೈ ತಾನಾಗಿ ಮೇಲೇಳುತ್ತಿತ್ತು. ಮರುಕ್ಷಣ ನಾಚಿಕೊಂಡು ಅದೇ ಕೈಯಲ್ಲಿ ತಲೆ ಕೆರೆದುಕೊಳ್ಳುತ್ತಿದ್ದರು. ಮೂವತ್ತು ವರ್ಷ ಕಬಡ್ಡಿ ಅಂಪೈರ್ ಆಗಿದ್ದವರು ಅವರು. ದಾಳಿಗೆ ಹೋದವನು 'ಕಬಡ್ಡಿ ಕಬಡ್ಡಿ' ಎನ್ನುತ್ತ ಒಂದೇ ಉಸಿರಿನಲ್ಲಿ ಹೋಗಿ ಬರಬೇಕಲ್ಲ, ಆ ಉಸಿರಿಗೆ ದಮ್ಮು ಎನ್ನುತ್ತಾರೆ. ಎಷ್ಟೇ ಗದ್ದಲವಿರಲಿ, ಯಾರ ದಮ್ಮು ಎಲ್ಲಿ ಕಡಿಯಿತೆಂದು ಸಂಜೀವಣ್ಣನಿಗೆ ಗೊತ್ತಾಗುತ್ತದೆ ಎಂದು ಗಂಗೊಳ್ಳಿಯಿಂದ ಬ್ರಹ್ಮಾವರದವರೆಗೆ ಜನ ನಂಬಿದ್ದರು. ಔಟ್ ಎಂದು ಅವರು ಕೈ ಎತ್ತಿದ ಮೇಲೆ ಯಾರೂ ಜಗಳಕ್ಕೆ ನಿಂತದ್ದಿಲ್ಲ.

ನಾನು ಬೈಂದೂರಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಶಾಲೆಗೆ ತಾಗಿಕೊಂಡೇ ಕಬಡ್ಡಿ ಸಂಘದ ಮೈದಾನ, ಅದರಾಚೆ ಸಂಘದ ಕಟ್ಟಡ. ಅಲ್ಲಿಯ ಹಾಲಿನ ಒಂದು ಗೋಡೆಯಲ್ಲಿ ಹಳೆಯ ಆಟಗಾರರ ಫೋಟೋಗಳಿವೆ. ವರ್ಷಕ್ಕೆ ಒಬ್ಬರಂತೆ ಆರಿಸಬೇಕು. ಆಟ ಬಿಟ್ಟು ಐದು ವರ್ಷ ಆಗಿರಬೇಕು, ಆಯ್ಕೆಯ ಮೂವರೂ ಒಪ್ಪಬೇಕು. ಒಬ್ಬರು ಬೇಡ ಎಂದರೂ ಆ ವರ್ಷದ ಮೊಳೆ ಖಾಲಿ. ಸಂಘದ ಅಧ್ಯಕ್ಷ ಶೇಖರಣ್ಣ, ಸಂಜೀವಣ್ಣ, ಮತ್ತು ಕಾಲೇಜಿನಲ್ಲಿ ಕಬಡ್ಡಿ ಆಡಿದವಳೆಂಬ ಕಾರಣಕ್ಕೆ ನಾನು, ನಾವು ಮೂವರು ಏಳು ವರ್ಷ ಆ ಕೆಲಸಕ್ಕೆ ಕೂತೆವು.

ಶೇಖರಣ್ಣ ಹಳೆಯ ಸ್ಕೋರ್ ಪುಸ್ತಕಗಳನ್ನೆಲ್ಲ ಹೊತ್ತು ತರುತ್ತಿದ್ದರು. ಯಾರು ಎಷ್ಟು ಪಾಯಿಂಟ್, ಎಷ್ಟು ಸೀಸನ್, ಎಲ್ಲ ಅದರಲ್ಲಿ. ಸಂಜೀವಣ್ಣನ ಕಣ್ಣಿಗೆ ಪೊರೆ ಬಂದಿತ್ತು, ಬಾರದಿದ್ದರೂ ಅವರು ಪುಸ್ತಕ ನೋಡುವವರಲ್ಲ. ಎಲ್ಲ ಓದಿ ಮುಗಿಸಿದ ಮೇಲೆ ಅವರದು ಒಂದೇ ಪ್ರಶ್ನೆ: "ಸೋತ ದಿನ ಅಂವ ಎಂತ ಮಾಡ್ದ?"

ಒಂದು ವರ್ಷ ಮುಂಬೈಯಲ್ಲಿ ಹೋಟೆಲಿಟ್ಟಿದ್ದ ಒಬ್ಬ ದೊಡ್ಡ ಆಟಗಾರನ ಹೆಸರು ಬಂತು. ಪಾಯಿಂಟು ಲೆಕ್ಕದಲ್ಲಿ ಅವನ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಶೇಖರಣ್ಣ ಖುಷಿಯಿಂದ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಕುಶಲ ಕೇಳಿದ ಮೇಲೆ ಸಂಜೀವಣ್ಣ ಮೆಲ್ಲಗೆ, ಬ್ರಹ್ಮಾವರದ ಮ್ಯಾಚಿನಲ್ಲಿ ಔಟಲ್ಲ ಎಂದು ನಿಂತೆಯಲ್ಲ, ದಾಳಿಗೆ ಬಂದವನ ಕೈ ನಿನ್ನ ಬೆನ್ನಿಗೆ ತಾಗಿದ್ದು ಹೌದೋ ಅಲ್ಲವೋ ಎಂದು ಕೇಳಿದರು. ಆ ಕಡೆ ಸದ್ದಿಲ್ಲ. ಸಂಜೀವಣ್ಣ ಫೋನಿಗೆ ಕಿವಿಯಿಟ್ಟು ಅವನ ಉಸಿರನ್ನೇ ಕೇಳುತ್ತ ಕೂತರು. ಕಡೆಗೆ ಅವನು, ನನ್ನ ಹೆಸರು ಬಿಟ್ಟುಬಿಡಿ ಎಂದು ಹೇಳಿ ಫೋನ್ ಇಟ್ಟ. ನನಗೆ ಆ ದಿನ ಅವರ ಮೇಲೆ ಗೌರವಕ್ಕಿಂತ ಹೆಚ್ಚಾಗಿ ಒಂದು ನಮೂನೆಯ ಭಯ ಹುಟ್ಟಿತು.

ಅವರು ಮಾತ್ರ ಪ್ರತಿವರ್ಷ ಒಂದೇ ಹೆಸರು ಹೇಳುತ್ತಿದ್ದರು. ಗಂಗೊಳ್ಳಿಯ ಸುಧಾಕರ. ಅವರದೇ ಕೇರಿಯವನು. ಆಡಿದ್ದು ಮೂರೇ ಸೀಸನ್. ಒಂದು ಫೈನಲಿನ ಕೊನೆಯ ದಾಳಿಯಲ್ಲಿ ದಮ್ಮು ಕಡಿದು ಔಟಾದ, ತಂಡ ಸೋತಿತು. ಅದಾಗಿ ಒಂದು ವಾರಕ್ಕೆ ಮೀನಿಗೆ ಹೋದ ದೋಣಿ ಮಗುಚಿತು. ಉಳಿದವರು ಈಜಿ ಬಂದರು, ಸುಧಾಕರ ಬರಲಿಲ್ಲ. ಹೆಣವೂ ಸಿಗಲಿಲ್ಲ. ಶೇಖರಣ್ಣ ನಮ್ಮ ಅರ್ಜಿಯ ಕಾಗದ ತೋರಿಸಿ ಕೇಳುತ್ತಿದ್ದರು: 'ಆಟ ಬಿಟ್ಟ ದಿನಾಂಕ' ಎಂಬಲ್ಲಿ ಏನು ಬರೆಯುವುದು? ಅವನು ಆಟ ಬಿಟ್ಟೆ ಎಂದು ಯಾರಿಗಾದರೂ ಹೇಳಿದ್ದಾನೆಯೇ? ಸಂಜೀವಣ್ಣ ಕೊಡೆ ಹಿಡಿದು ಎದ್ದು ಹೋಗುತ್ತಿದ್ದರು. ಮರುವರ್ಷ ಮತ್ತೆ ಅದೇ ಹೆಸರು.

ಆರನೆಯ ವರ್ಷ ಬೇಸಿಗೆ ರಜೆಯಲ್ಲಿ ಅವರು ನನ್ನನ್ನು ಮೈದಾನಕ್ಕೆ ಕರೆದರು. ಮಧ್ಯಾಹ್ನ ಹನ್ನೆರಡೂವರೆ. ಒಂದು ನಾಯಿಯೂ ಹೊರಗಿರದ ಬಿಸಿಲು, ತೆಂಗಿನ ಗರಿ ಅಲ್ಲಾಡುತ್ತಿಲ್ಲ. ಸಂಜೀವಣ್ಣ ಚಪ್ಪಲಿ ಕಳಚಿ ನಡುಗೆರೆಯ ತುದಿಯಲ್ಲಿ, ಅಂಪೈರ್ ನಿಲ್ಲುವಲ್ಲಿ ನಿಂತು ಎಡಗಿವಿಯನ್ನು ಅಂಗಳದ ಕಡೆ ವಾಲಿಸಿದರು. "ಟೀಚರ್ರೆ, ಕೇಂತಾ?" ಎಂದರು.

ಮೊದಲು ಏನೂ ಕೇಳಲಿಲ್ಲ. ಆಮೇಲೆ ಕೇಳಿತು. ನೆಲಕ್ಕೆ ಹತ್ತಿರದಲ್ಲಿ, ತುಟಿ ಅಷ್ಟಾಗಿ ತೆರೆಯದೆ ಯಾರೋ ಒಂದೇ ಮಾತನ್ನು ಹೇಳಿಕೊಳ್ಳುತ್ತಿದ್ದಂತೆ. ಅದು ಒಂದು ಕಡೆ ನಿಂತಿರಲಿಲ್ಲ. ಎಡಕ್ಕೆ ಹೋಯಿತು, ಮೂಲೆಯಲ್ಲಿ ತಿರುಗಿತು, ನಮ್ಮ ಕಡೆಗೆ ಬಂತು, ಗೆರೆ ಮುಟ್ಟದೆ ಮತ್ತೆ ಹಿಂದೆ ಸರಿಯಿತು. ಶಾಲೆಯ ಪಂಪು ಇರಬೇಕೆಂದುಕೊಂಡೆ. ಆದರೆ ಅಂದು ಬೆಳಗಿನಿಂದ ಕರೆಂಟಿರಲಿಲ್ಲ. ಅದರ ಜೊತೆ ನಾನೂ ಉಸಿರು ಕಟ್ಟಿ ನೋಡಿದೆ. ಆಗಲಿಲ್ಲ, ಬಿಟ್ಟೆ. ಇನ್ನೊಮ್ಮೆ ಎಳೆದುಕೊಂಡೆ, ಅದೂ ಮುಗಿಯಿತು. ಮೂರನೆಯ ಸಲವೂ ನನ್ನ ಉಸಿರು ತೀರಿತು. ಅದು ಮಾತ್ರ ಕಡಿಯದೆ ನಡೆದೇ ಇತ್ತು. ಸಂಜೀವಣ್ಣನ ಬಲಗೈ ಮೈಗೆ ಅಂಟಿಕೊಂಡೇ ಇತ್ತು, ಮೇಲೆ ಏಳಲಿಲ್ಲ.

ನೆರಳಿಗೆ ಬಂದು ಕೂತ ಮೇಲೆ ಅವರು ಹೇಳಿದರು. "ಆ ಫೈನಲ್ ಇಲ್ಲೇ ಆದ್ದ್. ಆ ದಿನ ನಂಗೆ ಸಮ ಕೇಂಡಿರ್ಲಿಲ್ಲ ಟೀಚರ್ರೆ. ಜನ ಬೊಬ್ಬೆ ಹಾಕ್ತಿದ್ರ್. ಕಡ್ದಿತ್ ಅಂದೇಳಿ ಅಂದಾಜಿಗ್ ಕೈ ಎತ್ದೆ. ಅಂವ ನನ್ ಮೋರೆ ಕಂಡ, ಎಂತದೂ ಹೇಳ್ಲಿಲ್ಲ. ಹಾಂಗೇ ಹೋದ." ಮತ್ತೊಂದು ವಾರಕ್ಕೆ ಅವನು ಸಮುದ್ರದ ಪಾಲಾದ. ಅಂದಿನಿಂದ ಮಧ್ಯಾಹ್ನ ಇಲ್ಲಿಗೆ ಬಂದರೆ ಅವನ ದಮ್ಮು ಹೀಗೆಯೇ ಕೇಳುತ್ತದೆ ಎಂದರು. ಸಂಜೀವಣ್ಣ ಅಂಪೈರಿಂಗ್ ಬಿಟ್ಟದ್ದು ಆ ವರ್ಷವೇ ಎಂದು ನನಗೆ ಆಗ ತಿಳಿಯಿತು.

ಫೋಟೋ ಹಾಕುವುದಾದರೆ ಮನೆಯವರ ಒಪ್ಪಿಗೆ ಬೇಕು. ನಾವಿಬ್ಬರೂ ಗಂಗೊಳ್ಳಿಗೆ, ಸುಧಾಕರನ ಅಕ್ಕನ ಮನೆಗೆ ಹೋದೆವು. ಒಂದೇ ಕೇರಿಯಾದರೂ ಸಂಜೀವಣ್ಣ ಇಷ್ಟು ವರ್ಷ ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಅಕ್ಕ ಅಂಗಳದಲ್ಲಿ ಒಣಮೀನು ಆರಿಸುತ್ತಿದ್ದರು. ಸಂಜೀವಣ್ಣ ಕೂರಲೂ ಇಲ್ಲ. ನಿಂತಲ್ಲೇ ಎಲ್ಲ ಹೇಳಿದರು, ತಾನು ಅಂದಾಜಿಗೆ ಕೈ ಎತ್ತಿದ್ದು, ಅದರಿಂದ ಅವನು ಸೋತದ್ದು. ಅಕ್ಕ ಕೈಯಲ್ಲಿದ್ದ ಮೀನನ್ನು ಕೆಳಗಿಟ್ಟರು.

"ಅಂವ ಆ ದಿನ ಮನಿಗ್ ಬಂದವ್ನೇ ನಂಗೆ ಹೇಳಿದ್ದ," ಎಂದರು. "ಸಂಜೀವಣ್ಣ ಕೈ ಎತ್ತಿದ್ದ್ ಸಮ ಅಕ್ಕ, ನನ್ ದಮ್ ಕಡ್ದಿತ್ ಅಂದೇಳಿ. ನೀವ್ ಒಂದ್ ಸಲ ಬಂದ್ ಕೇಂಡಿದ್ರೆ ನಾನ್ ಅವತ್ತೇ ಹೇಳ್ತಿದ್ದೆ."

ಆಕೆ ಒಳಗೆ ಹೋಗಿ ಒಂದು ಸಣ್ಣ ಫೋಟೋ ತಂದುಕೊಟ್ಟರು. ಮುದುಕನ ಸಮಾಧಾನಕ್ಕೆ ಹಾಗೆಂದರೋ, ನಡೆದದ್ದೇ ಹೌದೋ ನಾನು ಹೇಳಲಾರೆ. ಹಗುರಾಗಬೇಕಿದ್ದ ಸಂಜೀವಣ್ಣ ಇನ್ನಷ್ಟು ಕುಗ್ಗಿದಂತೆ ಕಂಡರು. ಬಸ್ ಸ್ಟಾಪಿನವರೆಗೂ ನನ್ನ ಜೊತೆ ಬಂದರು. ಬಸ್ಸು ಬಂದು ನಾನು ಹತ್ತಬೇಕೆನ್ನುವಾಗ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಅಂವಂದ್ ಕಡ್ದದ್ ಹೌದಾರೆ, ನಾನ್ ಇಷ್ಟ್ ವರ್ಷ ಕೇಂಡದ್ ಯಾರದ್ದ್?"

ಕಂಡಕ್ಟರ್ ಕೂಗಿದ, ನಾನು ಕೈ ಬಿಡಿಸಿಕೊಂಡು ಹತ್ತಿದೆ. ಬಸ್ಸು ಹೊರಟಿತು.

ಆ ವರ್ಷದ ಸಭೆಯಲ್ಲಿ ಅಕ್ಕ ಹೇಳಿದ ಮಾತನ್ನು ನಾನೇ ಶೇಖರಣ್ಣನಿಗೆ ತಿಳಿಸಿದೆ. ಫೈನಲ್ ಸೋತು ಬಂದ ದಿನ, ಅಂಪೈರ್ ಮಾಡಿದ್ದು ಸರಿ ಎಂದು ಮನೆಯವರ ಹತ್ತಿರ ಹೇಳಿದ ಆಟಗಾರ. ಶೇಖರಣ್ಣ ಸ್ಕೋರ್ ಪುಸ್ತಕ ಮುಚ್ಚಿದರು. ಮೂವರೂ ಒಪ್ಪಿದೆವು. ಆಟ ಬಿಟ್ಟ ದಿನಾಂಕ ಎಂಬಲ್ಲಿ ಏನೂ ಬರೆಯಲಿಲ್ಲ. ಫೋಟೋ ಹಾಕುವ ದಿನ ಅಕ್ಕ ಬಂದಿದ್ದರು. ಸಂಜೀವಣ್ಣ ಬಂದು ಚೌಕಟ್ಟನ್ನು ಕೈಯಿಂದ ಸವರಿ, ಚಾ ಕುಡಿಯದೆ ಹೋದರು. ಮೈದಾನದ ಕಡೆ ತಿರುಗಿಯೂ ನೋಡಲಿಲ್ಲ.

ಮರುವರ್ಷದ ಆಯ್ಕೆಗೆ ಕೂತಾಗ ಅವರಿಗೆ ಎಲ್ಲವನ್ನೂ ಎರಡೆರಡು ಸಲ ಹೇಳಬೇಕಾಯಿತು. ಆಮೇಲೆ ಆರು ತಿಂಗಳಲ್ಲಿ ಕಿವಿ ಪೂರ್ತಿ ಹೋಯಿತು. ಡಾಕ್ಟರು ವಯಸ್ಸಿನದು ಎಂದರಂತೆ. ನಾನು ಕಡೆಯ ಸಲ ನೋಡಲು ಹೋದಾಗ ಗಂಗೊಳ್ಳಿಯ ಮನೆಯ ಜಗಲಿಯಲ್ಲಿ ಕೂತಿದ್ದರು. ಕಣ್ಣು ಮಂಜು, ಕಿವಿ ಇಲ್ಲ. ಅಂಗೈಯನ್ನು ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಅಲ್ಲ ಎಂದು ಸೊಸೆ ಹೇಳಿಕೊಟ್ಟಳು. ನನ್ನ ಕೈ ಮುಟ್ಟಿ ಗುರುತು ಹಿಡಿದು ನಕ್ಕರು. ಕಿವಿ ಕೇಳದವರ ಹಾಗೆ ಗಟ್ಟಿಯಾಗಿ ಮಾತಾಡಿದರು.

"ನಂಗೀಗ ಎಂತದೂ ಕೇಂತಿಲ್ಲ ಟೀಚರ್ರೆ. ಅದ್ ನಿಂತಿತಾ, ನಂಗೆ ಕೇಂತಿಲ್ಯಾ, ಗೊತ್ತಾತಿಲ್ಲ. ನೀವೊಂದ್ ಸಲ ಮಧ್ಯಾಹ್ನ ಹೋಯಿ ನಿಂತ್ ಕಾಣಿ. ಬಂದ್ ನಂಗೆ ಹೇಳಿ."

ನಾನು ಅವರ ಅಂಗೈಯನ್ನು ಒಂದು ಸಲ ತಟ್ಟಿದೆ.

ತಿಂಗಳೊಳಗೆ ಅವರು ತೀರಿಕೊಂಡರು. ಅಷ್ಟರಲ್ಲಿ ನಾನು ಮಧ್ಯಾಹ್ನ ಮೈದಾನಕ್ಕೆ ಹೋಗಿ ನಿಂತಿರಲಿಲ್ಲ. ಆಮೇಲೂ ಹೋಗಿಲ್ಲ. ಶಾಲೆಗೂ ಆ ಮೈದಾನಕ್ಕೂ ನಡುವೆ ಎದೆಯೆತ್ತರದ ಒಂದು ಕಲ್ಲಿನ ಗೋಡೆ ಮಾತ್ರ. ಬೆಳಿಗ್ಗೆ ಮೈದಾನ ದಾಟಿಯೇ ಬರುತ್ತೇನೆ, ಸಂಜೆ ಅಲ್ಲೇ ಮಕ್ಕಳನ್ನು ಆಡಿಸುತ್ತೇನೆ. ಹನ್ನೆರಡೂವರೆಗೆ ಸ್ಟಾಫ್ ರೂಮಿನ ಆ ಕಡೆಯ ಕಿಟಕಿ ಹಾಕಿ, ಫ್ಯಾನು ಜೋರು ಮಾಡಿ ಊಟಕ್ಕೆ ಕೂರುತ್ತೇನೆ. ಈ ಸೆಕೆಗೆ ಕಿಟಕಿ ಹಾಕುವುದು ಯಾಕೆ ಎಂದು ಉಳಿದ ಟೀಚರುಗಳು ಗೊಣಗುತ್ತಾರೆ.